ಐವತ್ತೇಳು ಕಿಲೋದ ಪೈಲ್ವಾನನಿಗೆ ಯಾವ ಗದೆ?

2024ರ ಪ್ಯಾರಿಸ್ ಕೂಟದವರೆಗೆ ಒಲಿಂಪಿಕ್ಸ್ ಕುಸ್ತಿಯಲ್ಲಿ ಭಾರತಕ್ಕೆ ಬಂದ ಪದಕಗಳು ಎಂಟು. 1952ರಲ್ಲಿ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವ, 57 ಕಿಲೋ. 2008ರಲ್ಲೂ 2012ರಲ್ಲೂ ಸುಶೀಲ್ ಕುಮಾರ್, 66 ಕಿಲೋ. 2012ರಲ್ಲೇ ಯೋಗೇಶ್ವರ ದತ್, 60. 2016ರಲ್ಲಿ ಸಾಕ್ಷಿ ಮಲಿಕ್, 58. ಟೋಕಿಯೊದಲ್ಲಿ ರವಿ ದಹಿಯಾ 57, ಬಜರಂಗ್ ಪೂನಿಯಾ 65. ಪ್ಯಾರಿಸ್‌ನಲ್ಲಿ ಅಮನ್ ಸೆಹ್ರಾವತ್, ಮತ್ತೆ 57. 66 ಕಿಲೋ ಮೀರಿದ ಭಾರತೀಯರು ಯಾರೂ ಇದುವರೆಗೆ ಆ ಪೀಠ ಹತ್ತಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಯಾವುದಾದರೂ ಊರಿನ ಕಟ್ಟೆಯ ಮೇಲೆ ಕೂತು ದೊಡ್ಡ ಪೈಲ್ವಾನ ಯಾರು ಎಂದು ಕೇಳಿ. ಬರುವ ಹೆಸರುಗಳೆಲ್ಲ ಕೇಸರಿಗಳವು: ಹಿಂದ್ ಕೇಸರಿ, ಮಹಾರಾಷ್ಟ್ರ ಕೇಸರಿ, ಕರ್ನಾಟಕ ಕೇಸರಿ. ತೂಕಕ್ಕೆ ಮೇಲ್ಮಿತಿಯಿಲ್ಲದ ಕಣದಲ್ಲಿ, ಅಥವಾ ಭಾರದವರಿಗೇ ಮೀಸಲಾದ ಕಣದಲ್ಲಿ ಗೆದ್ದವರ ಹೆಸರುಗಳು ಅವು. ಹಗುರ ಮೈಯ ಮಲ್ಲರ ನೆನಪು ನಮ್ಮಲ್ಲಿ ತೆಳುವಾಗಿದೆ. ಇಂದಿನ ಚಾಂಪಿಯನ್ನನ್ನು ಹಿಂದಿನ ಹಗುರ ತೂಕದ ದೊಡ್ಡವರ ಪಕ್ಕ ನಿಲ್ಲಿಸಿ ನೋಡುವ ಪ್ರಶ್ನೆ ಬಾಕ್ಸಿಂಗ್ ಲೋಕದಲ್ಲಿ ನೂರು ವರ್ಷದಿಂದ ನಡೆಯುತ್ತಿದೆ. ನಮ್ಮ ಗಡಿನಾಡಿನಲ್ಲಿ ಆ ಪ್ರಶ್ನೆಯನ್ನು ಕೇಳಬೇಕಾದ ಜಾಗ ಕುಸ್ತಿಯ ಕೆಂಪು ಮಣ್ಣು.

ಈ ಭಾಗದವರಿಗೆ ಕೇಸರಿಯ ಮೇಲೆ ಅಭಿಮಾನ ಇರುವುದು ಸಹಜ. ಆರಂಭದ ಹಿಂದ್ ಕೇಸರಿಗಳಲ್ಲಿ ಒಬ್ಬರು ನಮ್ಮವರೇ. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಸೋಲಿಸಿ ಆ ಪಟ್ಟ ಪಡೆದರು. ಅದೇ ವರ್ಷ ಮಹಾರಾಷ್ಟ್ರ ಕೇಸರಿಯೂ ಆದರು. ಮಹಾರಾಷ್ಟ್ರ ಎಂಬ ರಾಜ್ಯ ಹುಟ್ಟಿದ್ದು 1960ರ ಮೇ 1ರಂದು. ಯಕ್ಸಂಬಾ 1956ರ ನವೆಂಬರಿನಲ್ಲೇ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ಗೆದ್ದವರ ಊರು ಒಂದು ರಾಜ್ಯದಲ್ಲಿ, ಗದೆಯ ಹೆಸರು ಇನ್ನೂ ಹುಟ್ಟದ ಮತ್ತೊಂದು ರಾಜ್ಯದ್ದು. ಕುಸ್ತಿಗೆ ಈ ಗಡಿ ಎಂದೂ ಅಡ್ಡ ಬಂದಿಲ್ಲ. ಕಾಗವಾಡದ ಹುಡುಗನಿಗೆ ಮಿರಜ ಹತ್ತಿರ, ನಿಪ್ಪಾಣಿಯ ಹುಡುಗನಿಗೆ ಕೊಲ್ಹಾಪುರ ಹತ್ತಿರ. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿ ಮುಗಿಸಿದ ಖಾಸಬಾಗ ಮೈದಾನವೇ ಇಲ್ಲಿಯವರಿಗೂ ದೊಡ್ಡ ಕಣ. ಖಂಚನಾಳೆಯವರೂ ಹಾಗೆಯೇ ಕೊಲ್ಹಾಪುರದ ತಾಲೀಮು ಸೇರಿ, ಅಲ್ಲೇ ಬಾಳಿ, 2020ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಅವರ ಮರುವರ್ಷ ಹಿಂದ್ ಕೇಸರಿಯಾದ ಗಣಪತರಾವ್ ಆಂದಳಕರ, ಆಮೇಲೆ ಬಂದ ಮಾರುತಿ ಮಾನೆ, ಇಬ್ಬರೂ ಸಾಂಗಲಿ ಜಿಲ್ಲೆಯವರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇಬ್ಬರೂ ಚಿನ್ನ ತಂದರು. ಕೃಷ್ಣೆಯ ಎರಡೂ ದಂಡೆಯ ಹಳ್ಳಿಗಳಲ್ಲಿ ಈ ಮೂರು ಹೆಸರು ಹೇಳಿದರೆ ಹಿರಿಯರ ಬೆನ್ನು ನೆಟ್ಟಗಾಗುತ್ತದೆ. ಆಗಬೇಕಾದದ್ದೇ.

ಅವರ ಹಿರಿಮೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಹಿರಿಮೆಗೂ ಗಾತ್ರಕ್ಕೂ ನಾವು ಹಾಕಿರುವ ಗಂಟಿನ ಬಗ್ಗೆ. ಆ ಗಂಟು ಬಿಗಿಯುವುದು ಜಾತ್ರೆಯ ಕಣದಲ್ಲಿ. ನಮ್ಮ ಕಡೆಯ ಜಾತ್ರೆ ಕುಸ್ತಿಗೆ ತೂಕದ ಯಂತ್ರ ಬೇಕಾಗಿಲ್ಲ. ಪಂಚರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಎತ್ತರ, ಎದೆ, ತೋಳು ನೋಡಿ, ಯಾವ ತಾಲೀಮಿನವನು, ಯಾವ ವಸ್ತಾದನ ಕೈಯಲ್ಲಿ ತಯಾರಾದವನು ಎಂದು ವಿಚಾರಿಸಿ ಜೋಡಿ ಕಟ್ಟುತ್ತಾರೆ. ಈ ಕಣ್ಣಳತೆ ತೀರ ನಿಖರ. ಒಳ್ಳೆಯ ಪಂಚರು ಕಟ್ಟಿದ ಜೋಡಿ ಮೂರು ನಾಲ್ಕು ಕಿಲೋ ಆಚೀಚೆ ಇರಬಹುದು, ಅಷ್ಟೇ. ಆದರೆ ಕುಸ್ತಿಗಳ ಕ್ರಮ ಮೈಗಾತ್ರದ ಕ್ರಮವೇ ಆಗಿರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸಣ್ಣ ಹುಡುಗರು, ಬಿಸಿಲು ಇಳಿದಂತೆ ದೊಡ್ಡವರು, ಹೊತ್ತು ಮುಳುಗುವಾಗ ಒಂದನೇ ನಂಬರಿನ ಜಂಗೀ ನಿಕಾಲಿ ಕುಸ್ತಿ, ಎಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೂ ನಡೆಯುವ ಕುಸ್ತಿ. ಇನಾಮೂ ಹಾಗೆಯೇ ಏರುತ್ತ ಹೋಗುತ್ತದೆ. ಹಲಗಿಯ ಸದ್ದು ಏರುವುದೂ ಕೊನೆಯ ಜೋಡಿಗೇ. ಅರವತ್ತು ಕಿಲೋದ ಇಬ್ಬರು ಚುರುಕು ಹುಡುಗರು ಡಾವಿಗೆ ಪ್ರತಿಡಾವು ಹಾಕುತ್ತ ಇಡೀ ದಿನದ ಅತ್ಯುತ್ತಮ ಕುಸ್ತಿ ಆಡಿದರೂ ಅದನ್ನು ನೋಡುವವರು ಅರ್ಧ ಜನ. ಉಳಿದರ್ಧ ಇನ್ನೂ ಮಿಠಾಯಿ ಅಂಗಡಿಯ ಮುಂದೆ.

ಮಹಾರಾಷ್ಟ್ರ ಕೇಸರಿಯ ಗದೆಗೆ ಈಗ 86ರಿಂದ 125 ಕಿಲೋದವರು ಮಾತ್ರ ಇಳಿಯಬಹುದು. ಉಳಿದ ತೂಕಗಳಲ್ಲೂ ಸ್ಪರ್ಧೆ ನಡೆಯುತ್ತದೆ, ಪದಕವೂ ಇದೆ. ಆದರೆ ಮೆರವಣಿಗೆ, ಊರಿನ ಹೆಬ್ಬಾಗಿಲಿನ ಫಲಕ, ಹೆಸರಿನ ಹಿಂದೆ ಜೀವನಪೂರ್ತಿ ಉಳಿಯುವ ಬಿರುದು ಎಲ್ಲ ಆ ಒಂದು ಗದೆಗೆ. ದೇಶಕ್ಕೆ ಮೊದಲ ಒಲಿಂಪಿಕ್ ಕುಸ್ತಿ ಪದಕ ತಂದ ತೂಕದ ಮಲ್ಲ ಇವತ್ತು ತನ್ನ ನೆಲದ ಅತಿ ದೊಡ್ಡ ಗೌರವಕ್ಕೆ ಹೆಸರು ಕೊಡಲೂ ಬಾರದು.

ಗಾತ್ರದ ವಾದಿಗಳು ತರುವ ಮೊದಲ ಹೆಸರು ಗಾಮಾ. ಆದರೆ ಗಾಮಾ ಅವರ ಲೆಕ್ಕವನ್ನು ಬಿಡಿಸಿ ನೋಡಿದರೆ ಅದು ಆ ವಾದಕ್ಕೆ ಒದಗುವುದಿಲ್ಲ. 1910ರಲ್ಲಿ ಲಂಡನ್ನಿಗೆ ಹೋದಾಗ ಅವರ ಎತ್ತರ ಐದು ಅಡಿ ಏಳೆಂಟು ಇಂಚು, ತೂಕ 200 ಪೌಂಡಿನ ಆಸುಪಾಸು, ಎಂದರೆ ಸುಮಾರು 90 ಕಿಲೋ. ಎತ್ತರ ಸಾಲದೆಂದು ಅಲ್ಲಿಯವರು ಮೊದಲಿಗೆ ಕಣಕ್ಕೇ ಬಿಟ್ಟಿರಲಿಲ್ಲ. ಸೆಪ್ಟೆಂಬರ್ 10ರಂದು ಎದುರಿಗೆ ನಿಂತ ಪೋಲೆಂಡಿನ ಸ್ತಾನಿಸ್ಲಾಸ್ ಝಬಿಸ್ಕೊ ಅವರಿಗಿಂತ ಬಹಳ ಭಾರದವನು. ಗಾಮಾ ಕೆಡವಿದ ಕೂಡಲೇ ಅವನು ಮ್ಯಾಟಿಗೆ ಹೊಟ್ಟೆ ಅಂಟಿಸಿ ಮಲಗಿದ. ಸುಮಾರು ಎರಡೂವರೆ ಗಂಟೆ ಹಾಗೆಯೇ ಮಲಗಿ ಕುಸ್ತಿಯನ್ನು ಬರೋಬರಿ ಮಾಡಿಕೊಂಡ. ವಾರದ ನಂತರದ ಮರುಕುಸ್ತಿಗೆ ಬರಲೇ ಇಲ್ಲ. 1928ರ ಜನವರಿಯಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಹಿಡಿದರು. ಆಗ ಇಬ್ಬರಿಗೂ ಐವತ್ತರ ಹತ್ತಿರ ವಯಸ್ಸು. ಒಂದು ನಿಮಿಷದೊಳಗೆ ಝಬಿಸ್ಕೊ ಚಿತ್ ಆದ.

ಅದೇ ಇಬ್ಬರು, ಎರಡು ಫಲಿತಾಂಶ. ಮ್ಯಾಟಿನ ಮೇಲೆ, ಸುಮ್ಮನೆ ಮಲಗಿದರೂ ದಂಡವಿಲ್ಲದ ನಿಯಮದಲ್ಲಿ ಭಾರವೇ ಕೋಟೆಯಾಯಿತು. ಇವತ್ತಿನ ನಿಯಮದಲ್ಲಿ ಹಾಗೆ ನಡೆಯುವುದಿಲ್ಲ. ಮೂರು ಮೂರು ನಿಮಿಷದ ಎರಡು ಅವಧಿ. ಆಡದೆ ನಿಂತವನಿಗೆ ಎಚ್ಚರಿಕೆ, ಆಮೇಲೆ ಮೂವತ್ತು ಸೆಕೆಂಡಿನ ಗಡುವು, ಅದು ಮೀರಿದರೆ ಎದುರಾಳಿಗೆ ಅಂಕ. ಕೆಡವಿದ್ದಕ್ಕೆ ಬೇರೆ ಅಂಕ. ಲಂಡನ್ನಿನ ಆ ಕುಸ್ತಿ ಈ ಲೆಕ್ಕದಲ್ಲಿ ಆರು ನಿಮಿಷದಲ್ಲಿ ಗಾಮಾ ಕೈಗೆ ಬರುತ್ತಿತ್ತು. ಇನ್ನೂ ಒಂದು ಮಾತಿದೆ. ಇಂದಿನ ಒಲಿಂಪಿಕ್ ತೂಕಗಳಲ್ಲಿ ಗಾಮಾ 97 ಕಿಲೋ ವಿಭಾಗಕ್ಕೆ ಹೋಗುತ್ತಿದ್ದರು, ಝಬಿಸ್ಕೊ 125ಕ್ಕೆ. ಇಬ್ಬರೂ ಭೇಟಿಯಾಗುತ್ತಲೇ ಇರಲಿಲ್ಲ. ಯಾವ ಮಲ್ಲನನ್ನು ನಾವು ಗಾತ್ರಕ್ಕೆ ಉದಾಹರಣೆಯಾಗಿ ತೋರಿಸುತ್ತೇವೆಯೋ ಅವರ ಹೆಸರು ನಿಂತಿರುವುದು ತನಗಿಂತ ಭಾರದವರನ್ನು ಕೆಡವಿದ್ದರಿಂದ. ಚಿತ್ರಕಲಾ ಶಿಕ್ಷಕರಾಗಿದ್ದ ಮಾಸ್ಟರ್ ಚಂದಗೀರಾಮ್ ಅವರ ಕಥೆಯೂ ಹಾಗೆಯೇ. ಮೆಹರುದ್ದೀನ್ ಅವರಂಥ ಬೆಟ್ಟದ ಮೈಯವರನ್ನು ಸೋಲಿಸಿದ್ದಕ್ಕೇ ಉತ್ತರ ಭಾರತದ ಹಳ್ಳಿಗಳು ಅವರನ್ನು ಇಂದಿಗೂ ಮರೆತಿಲ್ಲ.

ಬಾಕ್ಸಿಂಗ್‌ನವರು ಈ ಪ್ರಶ್ನೆಗೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಎಲ್ಲರ ತೂಕವೂ ಒಂದೇ ಆಗಿದ್ದರೆ ಯಾರು ಮೇಲು ಎಂದು ಕೇಳುವುದು. ಈ ಅಳತೆಯಲ್ಲಿ ಸಾಮಾನ್ಯವಾಗಿ ಮೊದಲು ಬರುವ ಹೆಸರು ಶುಗರ್ ರೇ ರಾಬಿನ್ಸನ್. ಅವನ ಅತಿ ದೊಡ್ಡ ಪಾಠ ಅವನು ಸೋತ ಒಂದು ಪಂದ್ಯದಲ್ಲಿದೆ. 1952ರ ಜೂನ್ 25, ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ. ಮಿಡಲ್‌ವೇಟ್ ಚಾಂಪಿಯನ್ ರಾಬಿನ್ಸನ್ ತನಗಿಂತ ಸುಮಾರು ಏಳು ಕಿಲೋ ಭಾರದ ಜೋಯಿ ಮ್ಯಾಕ್ಸಿಮ್‌ನ ಲೈಟ್ ಹೆವಿವೇಟ್ ಪಟ್ಟಕ್ಕೆ ಕೈಹಾಕಿದ. ಬೇಸಿಗೆಯ ರಾತ್ರಿ, ದೀಪಗಳ ಕೆಳಗೆ ಕಣ ಕಾದ ಹಂಚು. ಹತ್ತನೇ ಸುತ್ತು ಮುಗಿದಾಗ ರೆಫ್ರಿಯೇ ಧಗೆಗೆ ಕುಸಿದು ಬದಲಿ ರೆಫ್ರಿ ಬರಬೇಕಾಯಿತು. ಅಂಕಗಳಲ್ಲಿ ರಾಬಿನ್ಸನ್ ಸ್ಪಷ್ಟವಾಗಿ ಮುಂದಿದ್ದ. ಹದಿಮೂರನೇ ಸುತ್ತಿನ ನಂತರ ಸ್ಟೂಲಿನಿಂದ ಏಳಲಾಗಲಿಲ್ಲ. ಅವನನ್ನು ಸೋಲಿಸಿದ್ದು ಮ್ಯಾಕ್ಸಿಮ್‌ನ ಮುಷ್ಟಿಯೆಂದು ಯಾರೂ ಹೇಳುವುದಿಲ್ಲ. ಆದರೂ ದಾಖಲೆಯಲ್ಲಿ ಅದು ಸೋಲು. ಹಗುರದವನು ಭಾರದವನನ್ನು ಎದುರಿಸುವಾಗ ಪ್ರತಿ ತಳ್ಳಾಟ, ಪ್ರತಿ ಅಪ್ಪುಗೆ ಅವನ ಉಸಿರಿನಿಂದ ಒಂದಿಷ್ಟು ಕಿತ್ತುಕೊಳ್ಳುತ್ತದೆ. ಆ ಖರ್ಚು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ರಾಬಿನ್ಸನ್‌ಗಿಂತ ಮೊದಲು ಹೆನ್ರಿ ಆರ್ಮ್‌ಸ್ಟ್ರಾಂಗ್ 1938ರಲ್ಲಿ ಫೆದರ್‌ವೇಟ್, ಲೈಟ್‌ವೇಟ್, ವೆಲ್ಟರ್‌ವೇಟ್ ಮೂರೂ ಪಟ್ಟಗಳನ್ನು ಏಕಕಾಲಕ್ಕೆ ಹಿಡಿದಿದ್ದ. ನಮ್ಮ ಕಾಲದಲ್ಲಿ ಟೆರೆನ್ಸ್ ಕ್ರಾಫರ್ಡ್ ಲೈಟ್‌ವೇಟಿನಿಂದ ಹತ್ತುತ್ತ ಬಂದು 2025ರ ಸೆಪ್ಟೆಂಬರಿನಲ್ಲಿ ಎರಡು ತೂಕ ಮೇಲೆ ಜಿಗಿದು ಕನೆಲೊ ಅಲ್ವಾರೆಜ್‌ನನ್ನು ಸೋಲಿಸಿದ. ಕ್ರಾಫರ್ಡ್‌ಗೆ ಹವಾನಿಯಂತ್ರಿತ ಕಣವಿತ್ತು, ತಿಂಗಳುಗಟ್ಟಲೆ ಒಂದೇ ಪಂದ್ಯಕ್ಕೆ ತಯಾರಿಯಿತ್ತು. ಆರ್ಮ್‌ಸ್ಟ್ರಾಂಗ್ ಅಷ್ಟೇ ತಿಂಗಳುಗಳಲ್ಲಿ ಹಲವು ಪಂದ್ಯ ಆಡುತ್ತಿದ್ದವನು. ನನ್ನ ತೀರ್ಪಿನಲ್ಲಿ ಆರ್ಮ್‌ಸ್ಟ್ರಾಂಗ್ ಮೇಲು. ಹೆವಿವೇಟಿನಲ್ಲಿ ರಾಕಿ ಮಾರ್ಸಿಯಾನೊನ ಮಾತು ಬರುತ್ತದೆ. 49 ಪಂದ್ಯ, ಒಂದೂ ಸೋಲಿಲ್ಲ, ಮೈತೂಕ 85 ಕಿಲೋದ ಹತ್ತಿರ. ಇವತ್ತು ಅವನನ್ನು ಹೆವಿವೇಟ್ ಎಂದೇ ಕರೆಯುವುದಿಲ್ಲ, ಅದರ ಕೆಳಗಿನ ಕ್ರೂಸರ್‌ವೇಟಿಗೆ ಹಾಕುತ್ತಾರೆ. ಇಂದಿನ ದೈತ್ಯರ ಮುಂದೆ ಅವನು ನಿಲ್ಲುತ್ತಿರಲಿಲ್ಲ ಎಂಬುವವರಿಗೆ ಒಲೆಕ್ಸಾಂಡರ್ ಉಸಿಕ್ ಉತ್ತರ ಕೊಟ್ಟಿದ್ದಾನೆ. ಅದೇ ಕ್ರೂಸರ್‌ವೇಟಿನಿಂದ ಬಂದು 2024ರ ಮೇ ತಿಂಗಳಲ್ಲಿ ತನಗಿಂತ ಹದಿನೇಳು ಹದಿನೆಂಟು ಕಿಲೋ ಭಾರದ ಟೈಸನ್ ಫ್ಯೂರಿಯನ್ನು ಸೋಲಿಸಿದ.

ಈಗ ನಮ್ಮ 57 ಕಿಲೋಗೆ ಬರೋಣ. ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ಖಾಶಾಬಾ ಜಾಧವರು 1952ರಲ್ಲಿ ಕಂಚು ಗೆದ್ದದ್ದು ಈ ತೂಕದಲ್ಲಿ. 72 ವರ್ಷದ ನಂತರ ಅಮನ್ ಕಂಚು ಗೆದ್ದದ್ದೂ ಇದೇ ತೂಕದಲ್ಲಿ. ಇಬ್ಬರಿಗೂ ಚಿನ್ನದ ದಾರಿಯನ್ನು ಅಡ್ಡಗಟ್ಟಿದವನು ಒಬ್ಬ ಜಪಾನೀಯ: ಆಗ ಶೋಹಾಚಿ ಇಶಿಯಿ, ಈಗ ರೈ ಹಿಗುಚಿ. ಇಬ್ಬರೂ ಆಯಾ ಕೂಟದ ಚಿನ್ನ ಗೆದ್ದವರು. ಎರಡು ಕಾಲದ ಮಲ್ಲರನ್ನು ಪಕ್ಕಪಕ್ಕ ನಿಲ್ಲಿಸಲು ಇದಕ್ಕಿಂತ ಹತ್ತಿರದ ಜೋಡಿ ಸಿಗುವುದಿಲ್ಲ.

ಖಾಶಾಬಾ ಕರಾಡದ ಹತ್ತಿರದ ಗೋಳೇಶ್ವರದವರು, ಮಲ್ಲನ ಮಗ, ಐದೂವರೆ ಅಡಿಯೂ ಇಲ್ಲದ ಆಳು. ಢಾಕ ಹಾಕುವುದರಲ್ಲಿ ನಿಪುಣರು. ಎದುರಾಳಿಯ ಕುತ್ತಿಗೆಯನ್ನು ತೋಳಿನಲ್ಲಿ ಬಿಗಿದು, ಸೊಂಟ ಕೊಟ್ಟು ನೆಲಕ್ಕೆ ಒಗೆಯುವ ಡಾವು ಅದು. 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ 52 ಕಿಲೋದಲ್ಲಿ ಆರನೆಯವರಾದರು. ಮಣ್ಣಿನಲ್ಲಿ ಬೆಳೆದ ಕಾಲುಗಳಿಗೆ ಮ್ಯಾಟು ಹೊಸದು. ಮಣ್ಣು ಹಿಡಿತ ಕೊಡುತ್ತದೆ, ಬೆವರು ಹೀರುತ್ತದೆ. ಮ್ಯಾಟಿನ ಮೇಲೆ ಮೈ ಜಾರುತ್ತದೆ, ಆಟದ ವೇಗ ಎರಡರಷ್ಟು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೀಕರರು ತಮ್ಮ ಮನೆ ಅಡವಿಟ್ಟು 7000 ರೂಪಾಯಿ ಕೊಟ್ಟರು. ಅಲ್ಲಿ ಕೆನಡಾ, ಮೆಕ್ಸಿಕೊ, ಜರ್ಮನಿಯ ಮಲ್ಲರನ್ನು ಸೋಲಿಸಿದರು. ಇಶಿಯಿ ಜೊತೆ ದೀರ್ಘ ಕುಸ್ತಿ ಆಡಿ ಸೋತು ಇಳಿದವರನ್ನು, ನಿಯಮದಂತೆ ಕೊಡಬೇಕಾದ ವಿಶ್ರಾಂತಿ ಕೊಡದೆ, ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೊವ್ ಎದುರು ನಿಲ್ಲಿಸಿದರು. ಇದು ಸರಿಯಲ್ಲವೆಂದು ವಾದಿಸಲು ಭಾರತದ ಅಧಿಕಾರಿ ಒಬ್ಬರೂ ಅಲ್ಲಿರಲಿಲ್ಲ. ದಣಿದ ಮೈಯಲ್ಲಿ ಸೋತರು. ಹಾಗೆ ಬಂದದ್ದು ಆ ಕಂಚು.

ಅಮನ್ ಹರಿಯಾಣದ ಹುಡುಗ. ಬಾಲ್ಯದಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ದಿಲ್ಲಿಯ ಛತ್ರಸಾಲ ಸ್ಟೇಡಿಯಂನಲ್ಲಿ ಬೆಳೆದವನು. ಪ್ಯಾರಿಸ್‌ನ ಸೆಮಿಫೈನಲ್ಲಿನಲ್ಲಿ ಹಿಗುಚಿಗೆ ಸೋತ ರಾತ್ರಿ ಅವನ ತೂಕ 61.5 ಕಿಲೋಗೆ ಏರಿತ್ತು. ಮರುದಿನ ಬೆಳಿಗ್ಗೆ 57ರೊಳಗೆ ಬರಬೇಕು. ರಾತ್ರಿಯಿಡೀ ಓಟ, ಉಗಿಸ್ನಾನ, ಮ್ಯಾಟಿನ ಮೇಲೆ ಅಭ್ಯಾಸ. ಹತ್ತು ಗಂಟೆಯಲ್ಲಿ 4.6 ಕಿಲೋ ಇಳಿಸಿ, ಆಮೇಲೆ ಕಣಕ್ಕಿಳಿದು ಪೋರ್ಟೊರಿಕೊದ ಡೇರಿಯನ್ ಕ್ರೂಸ್‌ನನ್ನು 13-5ರಿಂದ ಸೋಲಿಸಿದ. ಅದಕ್ಕೆ ಎರಡು ದಿನ ಮೊದಲು, ಆಗಸ್ಟ್ 7ರಂದು, ವಿನೇಶ್ ಫೋಗಟ್ 50 ಕಿಲೋದ ಫೈನಲ್ಲಿಗೆ ಬಂದೂ 100 ಗ್ರಾಮು ಹೆಚ್ಚಾಗಿ ಅನರ್ಹರಾಗಿದ್ದರು. ಎರಡೂ ದಿನ ಬೆಳಿಗ್ಗೆ ತೂಗುವ ಈಗಿನ ಪದ್ಧತಿಯಲ್ಲಿ ಮಲ್ಲ ಎದುರಾಳಿಗಿಂತ ಮೊದಲು ತನ್ನ ಮೈಯೊಡನೆ ಹೋರಾಡಬೇಕು. ಇಂದಿನ 57 ಕಿಲೋದವನು ಕಣದಲ್ಲಿ ನಿಂತಾಗ ಬಹಳ ಸಲ 60 ದಾಟಿರುತ್ತಾನೆ. ಹಳೆಯವರ ತೂಕವನ್ನೂ ಹೊಸಬರ ತೂಕವನ್ನೂ ಅಂಕಿಯಲ್ಲಿ ಹೋಲಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇಬ್ಬರನ್ನೂ ಅವರವರ ಉತ್ತಮ ವಯಸ್ಸಿನಲ್ಲಿ ಮ್ಯಾಟಿನ ಮೇಲೆ ಆರು ನಿಮಿಷಕ್ಕೆ ಬಿಟ್ಟರೆ ಅಮನ್ ಗೆಲ್ಲುತ್ತಾನೆ. ಅದರಲ್ಲಿ ನನಗೆ ಅನುಮಾನವಿಲ್ಲ. ಕಾಲಿಗೆ ನುಗ್ಗುವ ವೇಗ, ಕೆಡವಿದ ಮೇಲೆ ಉರುಳಿಸಿ ಉರುಳಿಸಿ ಅಂಕ ಪೇರಿಸುವ ಕಲೆ, ಎದುರಾಳಿಯ ವಿಡಿಯೊ ನೋಡಿ ಮಾಡಿದ ಅಭ್ಯಾಸ, ಇವು ಎಪ್ಪತ್ತು ವರ್ಷದಲ್ಲಿ ಬಂದ ಬೆಳವಣಿಗೆ. ಅವು ಖಾಶಾಬಾ ಅವರ ಕೈಗೆ ಸಿಗುವಂತೆಯೇ ಇರಲಿಲ್ಲ. ಕೆಂಪು ಮಣ್ಣಿನಲ್ಲಿ, ಗಡಿಯಾರವಿಲ್ಲದ ನಿಕಾಲಿ ಕುಸ್ತಿಯಾದರೆ ನಾನು ಖಾಶಾಬಾ ಪರ ನಿಲ್ಲುತ್ತೇನೆ. ಅಲ್ಲಿ ಅಂಕಕ್ಕೆ ಬೆಲೆಯಿಲ್ಲ, ಬೆನ್ನು ಮಣ್ಣಿಗೆ ತಾಗಬೇಕು, ಢಾಕ ಹಾಕುವವನು ಸರಿಯಾದ ಒಂದು ಗಳಿಗೆಗೆ ಎಷ್ಟು ಹೊತ್ತು ಬೇಕಾದರೂ ಕಾಯಬಹುದು. ಇನ್ನು ಯಾರು ದೊಡ್ಡವರು ಎಂದರೆ, ಖಾಶಾಬಾ. ಅಧಿಕಾರಿಯಿಲ್ಲದೆ, ಸರಿಯಾದ ಮ್ಯಾಟಿಲ್ಲದೆ ಜಗತ್ತಿನಲ್ಲಿ ಮೂರನೆಯವರಾಗುವುದು ಅಮನ್ ದಾಟಿದ ದೂರಕ್ಕಿಂತ ಹೆಚ್ಚಿನ ದೂರ. ಅವರ ನಂತರ ಕುಸ್ತಿಯಲ್ಲಿ ಎರಡನೆಯ ಪದಕಕ್ಕೆ ದೇಶ 56 ವರ್ಷ ಕಾದದ್ದೇ ಆ ದೂರದ ಸಾಕ್ಷಿ. ಅವರಿಗೆ ಅರ್ಜುನ ಪ್ರಶಸ್ತಿ ಬಂದದ್ದು 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಹಗುರದವರ ದಾರಿ ಹೆಲ್ಸಿಂಕಿಯಲ್ಲಿ ಶುರುವಾದದ್ದೂ ಅಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋದ ಭಾರತದ ಪುಟ್ಟ ತಂಡದಲ್ಲಿ ರಣಧೀರ ಶಿಂದೆ ಫೆದರ್‌ವೇಟಿನಲ್ಲಿ ನಾಲ್ಕನೆಯವರಾಗಿ ಕಂಚು ಕೈತಪ್ಪಿಸಿಕೊಂಡರು. ಕರ್ನಾಟಕದ ಇತ್ತೀಚಿನ ಸಾಧನೆಯೂ ಇದೇ ಮಾತು ಹೇಳುತ್ತದೆ. 2020ರಲ್ಲಿ ದಿಲ್ಲಿಯಲ್ಲಿ ನಡೆದ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಅರ್ಜುನ ಹಲಕುರ್ಕಿ ಕಂಚು ಗೆದ್ದರು. ಸೊಂಟದ ಕೆಳಗೆ ಹಿಡಿಯುವಂತಿಲ್ಲದ ಗ್ರೀಕೊ ರೋಮನ್ ಶೈಲಿಯಲ್ಲಿ, 55 ಕಿಲೋ, ಆ ಶೈಲಿಯ ಅತಿ ಹಗುರ ವಿಭಾಗದಲ್ಲಿ.

ಭಾರದ ವಿಭಾಗಗಳಲ್ಲಿ ಇರಾನ್, ರಷ್ಯಾ, ಜಾರ್ಜಿಯಾ, ಅಮೆರಿಕದ ಎತ್ತರದ ಮೈಗಳನ್ನು ಎದುರಿಸಬೇಕು. ಹಗುರ ವಿಭಾಗಗಳಲ್ಲಿ ನಮ್ಮ ಹಳ್ಳಿ ಹುಡುಗರ ಮೈಕಟ್ಟು ಯಾರಿಗೂ ಕಡಿಮೆಯಿಲ್ಲ. ಹದಿನಾರರ ವಯಸ್ಸಿನಲ್ಲಿ 50 ಕಿಲೋ ಇರುವ, ಗದ್ದೆ ಕೆಲಸದಲ್ಲಿ ಹುರಿಗೊಂಡ ಹುಡುಗ ನಮ್ಮ ಐದೂ ತಾಲ್ಲೂಕುಗಳ ಪ್ರತಿ ಊರಿನಲ್ಲಿ ಸಿಗುತ್ತಾನೆ. ತಾಲೀಮಿಗೆ ಹೋದರೆ ಅವನಿಗೆ ಮೊದಲು ಸಿಗುವ ಬುದ್ಧಿಮಾತು ಮೈ ಬೆಳೆಸು ಎಂಬುದು. ಹಾಲು, ತುಪ್ಪ, ಬಾದಾಮಿಯ ಖುರಾಕಿಗೆ ಬಡ ಅಪ್ಪ ಸಾಲ ಮಾಡುತ್ತಾನೆ. ಹುಡುಗ 75 ಕಿಲೋ ಆಗುತ್ತಾನೆ. ಕೇಸರಿಯ ಗದೆಗೆ ಅದು ಸಾಲದು, ಅಂತರರಾಷ್ಟ್ರೀಯ ಹಗುರ ವಿಭಾಗಕ್ಕೆ ಹೆಚ್ಚು. ಇದು ನನ್ನನ್ನು ಬಹಳ ಕಾಡುವ ನಷ್ಟ. ಡಾವು ಕಲಿಯಬೇಕಾದ ವಯಸ್ಸಿನ ವರ್ಷಗಳು ತೂಕ ಗಳಿಸುವುದರಲ್ಲೇ ಕಳೆದುಹೋಗುತ್ತವೆ.

ಜಾತ್ರೆಯ ಪಂಚ ಕಮಿಟಿಗಳು ಮನಸ್ಸು ಮಾಡಿದರೆ ಇದನ್ನು ಒಂದೇ ವರ್ಷದಲ್ಲಿ ತಿರುಗಿಸಬಹುದು. ಕಬ್ಬಿನ ಪ್ರತಿ ಗಾಡಿ ತೂಗಿ ಇಳಿಸುವ ನಾಡಿದು, ಕಣದ ಪಕ್ಕ ಒಂದು ತೂಕದ ಯಂತ್ರ ಇಡುವುದು ಕಷ್ಟವಲ್ಲ. ಕಣ್ಣಳತೆಯ ಜೋಡಿಗಳು ಹಾಗೆಯೇ ಇರಲಿ, ಮಣ್ಣಿನ ಕುಸ್ತಿಯ ಚೆಲುವೇ ಅದು. ಅವುಗಳ ಜೊತೆಗೆ 57 ಮತ್ತು 65 ಕಿಲೋದಲ್ಲಿ ಒಂದೊಂದು ನಿಕಾಲಿ ಕುಸ್ತಿ ಕಟ್ಟಲಿ. ಎರಡಕ್ಕೂ ಬೆಳ್ಳಿ ಗದೆ, ಒಂದನೇ ನಂಬರಿನಷ್ಟೇ ಇನಾಮು ಇಡಲಿ. ಆ ಜೋಡಿಗಳನ್ನು ಮಧ್ಯಾಹ್ನದ ಬಿಸಿಲಿಗೆ ತಳ್ಳದೆ, ಮೈದಾನ ಪೂರ್ತಿ ತುಂಬಿ ಹಲಗಿ ಜೋರಾದ ಸಂಜೆಯ ಹೊತ್ತಿಗೇ ಬಿಡಲಿ.